ಕೆಮ್ಮು ಸಮೇತ ವಣಕ್ಕಂ

ಕೊಪ್ಪದ ಬಸ್ಸಿನ ಕಂಡಕ್ಟರ್ ಸೀಟಿ ಊದುವ ಮೊದಲು ಉಗುಳು ನುಂಗುವುದು, ನಮ್ಮ ಅಪ್ಪ ಸಿಗ್ನಲ್ ಹುಡುಕುತ್ತ "ಹಲೋ ಹಲೋ" ಎಂದು ಗುಡ್ಡ ಹತ್ತುವುದು, ಕನ್ನಡಿಯ ಮುಂದೆ ನಿಂತು ನಾನೇ ನನ್ನ ಮೀಸೆಯನ್ನು ಹುಡುಕುವುದು, ಎಲ್ಲವನ್ನೂ ನಾನು ಮಾಡಿ ತೋರಿಸಬಲ್ಲೆ. ಶೃಂಗೇರಿ ಪಕ್ಕದ ನಮ್ಮೂರು ಮೆಣಸೆಯಲ್ಲಿ ನನ್ನನ್ನು ಊಟಕ್ಕೆ ಕರೆಯುವವರು, "ಬಾಯಿ ಉಣ್ಣಲಿಕ್ಕೆ ಮಾತ್ರ ತಾ ಮಾರಾಯ" ಎಂದೇ ಕರೆಯುತ್ತಾರೆ.

ಅಕ್ಕನಿಗೆ ಭಯವಿದ್ದದ್ದು ಅದಕ್ಕೇ. ಕೊಪ್ಪದ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಅಲ್ಲಿನ ಬ್ಯಾಂಕಿಗೆ ತಮಿಳುನಾಡಿನಿಂದ ಬಂದ ಹುಡುಗನೊಬ್ಬ, ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಮತ್ತೆ ಮತ್ತೆ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು, ಕೊನೆಗೊಂದು ದಿನ ಮದುವೆಯ ಮಾತು ತೆಗೆದ. ನಮ್ಮ ಮನೆಯಲ್ಲಿ ಒಪ್ಪಿದರು. ಅವನ ತಂದೆ ಮಾತ್ರ, ತಮ್ಮ ಭಾಷೆಯೇ ಬಾರದ ಮನೆಯಲ್ಲಿ ಕೂತು ಗೋಡೆ ನೋಡಲೇ ಎಂದರಂತೆ. ಶೃಂಗೇರಿಗೆ ದರ್ಶನಕ್ಕೆ ಬಂದಾಗ ನಮ್ಮಲ್ಲಿಗೂ ಬಂದು, ಆಮೇಲೆ ಹೌದೋ ಅಲ್ಲವೋ ಹೇಳುತ್ತೇನೆ ಎಂದಿದ್ದರು.

"ಬಾಗ್ಲಲ್ಲಿ ನೀನೇ ತಮಿಳಲ್ಲಿ ಮಾತಾಡ್ಸು" ಎಂದಳು ಅಕ್ಕ. "ಆದ್ರೆ ಅಣಕ ಮಾಡಿದ್ಯೋ, ನನ್ನ ಹತ್ರ ಸೂಜಿ ಇದೆ ಗೊತ್ತಲ್ಲ?"

ನಾನು ಕೆಲಸಕ್ಕಿರುವುದು ಶೃಂಗೇರಿ ಬಸ್‌ಸ್ಟ್ಯಾಂಡಿನ ಬಳಿಯ ಮೊಬೈಲ್ ಅಂಗಡಿಯಲ್ಲಿ. ಯಾತ್ರಿಕರ ದೆಸೆಯಿಂದ ಬಂದ ನನ್ನ ತಮಿಳು "ಅಂಗೆ ರೂಮ್ ಇರುಕ್ಕು", "ಬಸ್ ಪೋಯಿಡುಚ್ಚು" ಎನ್ನುವಲ್ಲಿಗೆ ಮುಗಿಯುತ್ತಿತ್ತು. ಮನೆಗೆ ಬಂದ ಬೀಗರಿಗೆ ಅಲ್ಲಿ ರೂಮಿದೆ, ಬಸ್ಸು ಹೋಯಿತು ಎಂದರೆ ಹೇಗೆ?

ಉಪಾಯ ಹೂಡಿದ್ದು ಹುಡುಗನೇ. ಅವನ ತಂದೆ ನಿವೃತ್ತ ಮೇಷ್ಟ್ರು. "ಹುಡುಗಿ ಮನೆಯವರು ತಮಿಳು ಕಲೀಬೇಕಂತೆ, ಸ್ವಲ್ಪ ಹೇಳಿಕೊಡಿ" ಎಂದನಂತೆ. ಕಲಿಯುತ್ತೇವೆ ಎಂದವರಿಗೆ ಇಲ್ಲವೆನ್ನುವ ಮೇಷ್ಟ್ರುಂಟೇ? ಬಂದವು ವಾಯ್ಸ್ ಮೆಸೇಜುಗಳು. ಪ್ರತಿ ಮಾತಿನ ಮುಂಚೆ ಗಂಟಲಲ್ಲಿ ಕಲ್ಲು ಉರುಳಿದಂತೆ ಒಂದು "ಖ್ಹೂಂ", ಕೊನೆಗೆ ಒಂದು "ಸರಿಯಾ?" ನಡುವೆ ಪಾಠ: ವಣಕ್ಕಂ. ವಾಂಗ, ವಾಂಗ. ಉಕ್ಕಾರುಂಗ, ಎಂದರೆ ಕೂತುಕೊಳ್ಳಿ. ಇವಂಗ ಎಂಗ ಅಮ್ಮಾ, ಇವರು ನಮ್ಮ ತಾಯಿ.

ನಾನು ಫೋನು ಕಿವಿಗಿಟ್ಟುಕೊಂಡು ಕಲಿತೆ. ಅಪ್ಪ ಅಮ್ಮ ನನ್ನನ್ನು ಕೇಳಿ ಕಲಿತರು. ಖ್ಹೂಂ ಬಿಟ್ಟು ಹೇಳಲು ನಾನು ನಿಜವಾಗಿಯೂ ಪ್ರಯತ್ನಿಸಿದೆ. ಅದಿಲ್ಲದೆ ವಣಕ್ಕಂ ಹೊರಗೆ ಬರುತ್ತಲೇ ಇರಲಿಲ್ಲ. ಕಿಕ್ ಹೊಡೆಯದೆ ನಮ್ಮ ಬೈಕು ಹೊರಡುತ್ತದೆಯೇ, ಹಾಗೆ. ಅಮ್ಮನಂತೂ ಅದನ್ನು ತಮಿಳಿನ ಮರ್ಯಾದೆಯೆಂದೇ ತಿಳಿದಳು.

ಹುಡುಗ, ಅವನ ತಂದೆ ತಾಯಿ, ಮೂವರೂ ಬಂದರು. ಮೇಷ್ಟ್ರು ಒಂದು ಚಪ್ಪಲಿ ಬಿಟ್ಟು ಇನ್ನೊಂದಕ್ಕೆ ಕಾಲೆತ್ತಿದ್ದರು. ನಾನು ಕೈಮುಗಿದೆ.

"ಖ್ಹೂಂ. ವಣಕ್ಕಂ. ವಾಂಗ, ವಾಂಗ."

ಅವರ ಕಾಲು ಗಾಳಿಯಲ್ಲೇ ನಿಂತಿತು. ಅವರದೇ ದನಿ ಅವರನ್ನು ಒಳಗೆ ಕರೆಯುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಅಪ್ಪ, "ಖ್ಹೂಂ. ವಣಕ್ಕಂ." ಅಮ್ಮ ಕುರ್ಚಿ ತೋರಿಸುತ್ತ, "ಖ್ಹೂಂ. ಉಕ್ಕಾರುಂಗ. ಸರಿಯಾ?"

ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಪರೀಕ್ಷೆಗೆ ಬೇಕೆಂದರೂ ಒಂದು ತೊಟ್ಟು ಸಿಗುತ್ತಿರಲಿಲ್ಲ. ಹುಡುಗ ನಮ್ಮ ಹೆಂಚುಗಳನ್ನು ಎಣಿಸುವವನಂತೆ ಮೇಲೆ ನೋಡುತ್ತಿದ್ದ.

ಮೇಷ್ಟ್ರು ಮಗನನ್ನು ಏನೋ ಕೇಳಿದರು. ಅವನು ತಗ್ಗಿದ ದನಿಯಲ್ಲಿ ಕನ್ನಡಕ್ಕೆ ತಂದ: "ಎಲ್ಲರಿಗೂ ಶೀತ ಆಗಿದ್ಯಾ ಅಂತ ಕೇಳ್ತಿದಾರೆ."

ಮೇಷ್ಟ್ರ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು ನಗು ತಡೆಯಲು ನೋಡಿದರು. ಆಗಲಿಲ್ಲ. ನಗುತ್ತಲೇ ಗಂಡನತ್ತ ಬೆರಳು ಮಾಡಿ ಏನೋ ಅಂದರು. ಶೀತವಲ್ಲ, ಅದು ನೀವೇ, ಎಂಬುದು ನನಗೂ ತಿಳಿಯಿತು. ಆಮೇಲೆ ನನ್ನತ್ತ ತಿರುಗಿ, ಇನ್ನೊಮ್ಮೆ ಎಂದು ಕೈಸನ್ನೆ ಮಾಡಿದರು.

ನಾನು ಅಕ್ಕನನ್ನು ನೋಡಿದೆ.

"ಹೇಳಾ ಮಾರಾಯ" ಎಂದಳು ಅಕ್ಕ, ಎಲ್ಲ ಮುಗಿಯಿತು ಎನ್ನುವ ದನಿಯಲ್ಲಿ. "ಇನ್ನೆಂತ ಉಳಿದಿದೆ?"

ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. ಮೇಷ್ಟ್ರು ನಗಲಿಲ್ಲ. ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಕೇಳಿ, "ಉಕ್ಕಾರುಂಗ"ದಲ್ಲಿ ತಪ್ಪು ಹಿಡಿದರು. ನನ್ನಿಂದ ಸರಿಯಾಗಿ ಹೇಳಿಸಿದರು. ಅಪ್ಪನಿಂದ ಹೇಳಿಸಿದರು. ಅಮ್ಮ ಮೊದಲ ಸಲಕ್ಕೇ ಸರಿಯಾಗಿ ಹೇಳಿ ನಮ್ಮಿಬ್ಬರನ್ನೂ ಹೇಗೆ ಎನ್ನುವಂತೆ ನೋಡಿದಳು. ಕಾಫಿ ಆರುತ್ತಿತ್ತು. ಗೋಡೆ ನೋಡಲು ಅವರಿಗೆ ಪುರುಸೊತ್ತೇ ಇರಲಿಲ್ಲ.

ಕೊನೆಗೆ ಮೇಷ್ಟ್ರ ಬೆರಳು ಅಕ್ಕನ ಕಡೆ ಬಂತು. ವಾಯ್ಸ್ ಮೆಸೇಜಿನಲ್ಲಿ ಇಲ್ಲದ ಹೊಸ ಪಾಠ. ತಮ್ಮ ಎದೆ ಮುಟ್ಟಿಕೊಂಡು ನಿಧಾನವಾಗಿ ಹೇಳಿದರು: "ಇವರು ಎನ್ನೋಡ ಮಾಮನಾರ್."

ಹುಡುಗ ಹೆಂಚು ಬಿಟ್ಟು ಕೆಳಗೆ ನೋಡಿದ. ಅಕ್ಕ ಎರಡು ಸಲ ತಡವರಿಸಿ, ಮೂರನೆಯ ಸಲಕ್ಕೆ ಹೇಳಿದಳು.

ಅಪ್ಪ ನನ್ನ ಪಕ್ಕೆಗೆ ತಿವಿದರು. "ಎಂತ ಅಂದ್ಲಾ ಅವ್ಳು?"

"ಇವ್ರು ನನ್ನ ಮಾವ ಅಂದ್ಲು."

"ಅವ್ರೇ ಹೇಳ್ಸಿದ್ದಾ?"

"ಮತ್ತೆ ನಾನಾ?"

ಅಪ್ಪ ಎದ್ದರು, ಕೂತರು, ಮತ್ತೆ ಎದ್ದರು. ಏನು ಮಾಡಬೇಕೆಂದು ತೋಚದೆ, ಬೀಗರ ಎದುರು ನಿಂತು, ಬಂದು ಅಷ್ಟು ಹೊತ್ತಾದವರಿಗೆ ಹೊಸದಾಗಿ ಕೈಮುಗಿದು "ವಾಂಗ, ವಾಂಗ" ಎಂದರು.