ಕಣ್ಣೀರು ಸುಳಿಯ ಮರಿ

ನನ್ನ ನೆತ್ತಿಯ ಮೇಲೆ ಎರಡು ಸುಳಿಗಳಿವೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮುಚ್ಚಿಟ್ಟಳು ಅನ್ನಬಾರದು. ಕೂದಲು ಸುತ್ತಿಕೊಂಡು ಹುಟ್ಟುವ ಆ ಜಾಗ ಎಲ್ಲರಿಗೂ ಒಂದಿರುತ್ತದೆ, ನನಗೆ ಎರಡಿವೆ. ಎರಡು ಸುಳಿಯಿದ್ದವರಿಗೆ ಎರಡು ಮದುವೆ ಎಂದು ನಮ್ಮಲ್ಲಿ ನಂಬಿಕೆ. ಹುಡುಗನಿಗಿದ್ದರೆ ನಕ್ಕು ರೇಗಿಸಿ ಸುಮ್ಮನಾಗುತ್ತಾರೆ. ಹುಡುಗಿಗಿದ್ದರೆ ದನಿ ತಗ್ಗಿಸಿ ಮಾತಾಡುತ್ತಾರೆ. ಹಾಗಾಗಿ ಅಜ್ಜಿ ನಾನು ಚಿಕ್ಕವಳಿದ್ದಾಗಿನಿಂದಲೂ ಪಕ್ಕಕ್ಕೆ ಬೈತಲೆ ತೆಗೆದು, ಎಣ್ಣೆ ಹಚ್ಚಿ, ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ ಎಳೆದು, ಎರಡೂ ಸುಳಿ ಮುಚ್ಚುವ ಹಾಗೆ ಜಡೆ ಹಾಕುತ್ತಿದ್ದಳು. ನಾನು ಪಿಯುಸಿ ಮುಗಿಸಿದ ಮೇಲೂ ಬಾಚಣಿಗೆಯನ್ನು ನನ್ನ ಕೈಗೆ ಕೊಡಲಿಲ್ಲ.

ನಮ್ಮದು ಚಾಮರಾಜಪೇಟೆಯ ಹಳೆಯ ಮನೆ. ಅಪ್ಪನಿಗೆ ಮಾರ್ಕೆಟ್ಟಿನಲ್ಲಿ ಸೊಪ್ಪಿನ ವ್ಯಾಪಾರ. ತಾತ ಒಂದು ಕಾಲಕ್ಕೆ ಜಟಕಾ ಓಡಿಸುತ್ತಿದ್ದ. ಜಟಕಾ ಹೋಯಿತು, ಹಿತ್ತಿಲಿನ ಲಾಯ ಉಳಿಯಿತು, ಲಾಯದಲ್ಲಿ ಒಂದು ಮುದಿ ಹೆಣ್ಣು ಕುದುರೆಯೂ ಉಳಿಯಿತು. ನಾನು ಸವಾರಿ ಕಲಿತದ್ದು ಅದರ ಬೆನ್ನ ಮೇಲೆ, ಬೀದಿಯಲ್ಲಿ ಹಾಲಿನ ಗಾಡಿಗಳು ಮಾತ್ರ ಇರುವ ಹೊತ್ತಿನಲ್ಲಿ. ಹೆಣ್ಣುಮಗಳು ಕುದುರೆ ಹತ್ತಿದರೆ ಚೆನ್ನಾಗಿರುತ್ತಾ ಎಂದು ಅಕ್ಕಪಕ್ಕದವರು ಕೇಳಿದರೆ, ಚೆನ್ನಾಗಿರುತ್ತೆ, ಬಂದು ನೋಡಿ ಎನ್ನುತ್ತಿದ್ದ ತಾತ. ನನ್ನ ಬಾಯಿ ಹೀಗೆ ಜೋರಾಗಿದ್ದಕ್ಕೆ ಅವನೇ ಕಾರಣ ಎಂದು ಅಜ್ಜಿ ಈಗಲೂ ಹೇಳುತ್ತಾಳೆ.

ಆ ಮುದಿ ಕುದುರೆ ಸತ್ತ ಮೇಲೆ ತಾತನಿಗೆ ಖಾಲಿ ಲಾಯ ನೋಡುವುದಕ್ಕೆ ಆಗಲಿಲ್ಲ. ಯಾರೋ ಹಳೆಯ ಗೆಳೆಯನ ಹತ್ತಿರ ಕೇಳಿ ಒಂದು ತಟ್ಟು ಕುದುರೆಯ ಮರಿಯನ್ನು ತಂದ. ಕಂದು ಬಣ್ಣ, ಸವಾರಿಗೆ ಬಂದ ವಯಸ್ಸು, ನನ್ನ ಭುಜದಷ್ಟು ಎತ್ತರ, ಮೈತುಂಬ ಪುಂಡಾಟ. ತಾತನಿಗೆ ಆಗಲೇ ಕಣ್ಣಿನ ಪೊರೆ ಬಲಿತಿತ್ತು. ಅವನು ಅದರ ಕಾಲು, ಗೊರಸು, ಎದೆ, ಬೆನ್ನು ಎಲ್ಲವನ್ನೂ ಕೈಯಿಂದ ಸವರಿ ನೋಡಿ, ಭೇಷ್ ಎಂದು ಒಪ್ಪಿಕೊಂಡಿದ್ದ. ಮುಖವನ್ನು ಮಾತ್ರ ಸವರಿರಲಿಲ್ಲ. ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದ ಅಜ್ಜಿ ಅಲ್ಲೇ ನಿಂತುಬಿಟ್ಟಳು. ಮರಿಯ ಎಡಗಣ್ಣಿನ ಕೆಳಗೆ, ನೀರು ಇಳಿಯುವ ಜಾಗದಲ್ಲಿ, ಒಂದು ಸುಳಿಯಿತ್ತು. ಅದು ಕಣ್ಣೀರು ಸುಳಿ. ಅಂಥ ಕುದುರೆಯನ್ನು ಕಟ್ಟಿದ ಮನೆಯವರು ಅಳುತ್ತಾರಂತೆ.

ಅದೇ ವಾರ ತಾತ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ. ಇನ್ನು ಕೇಳಬೇಕೆ! ಒದ್ದೆ ಬಚ್ಚಲಿನ ತಪ್ಪೆಲ್ಲ ಮರಿಯ ಕೆನ್ನೆಯ ಮೇಲೆ ಬಂದು ಕೂತಿತು. ಆದರೆ ಹಾಸಿಗೆ ಹಿಡಿದ ಗಂಡ ದಿನವೂ “ಹೆಂಗವ್ನೆ ನನ್ನ ಮಗಾ?” ಎಂದು ಮರಿಯನ್ನು ವಿಚಾರಿಸುವಾಗ ಅದನ್ನು ಹೊರಗೆ ಅಟ್ಟುವ ಧೈರ್ಯ ಅಜ್ಜಿಗೂ ಇರಲಿಲ್ಲ. ಅವಳು ತನಗೆ ಗೊತ್ತಿದ್ದ ಉಪಾಯ ಮಾಡಿದಳು. ಕೆಂಪು ಉಲ್ಲನ್‌ನಿಂದ ದಪ್ಪನೆಯ ಕುಚ್ಚು ಕಟ್ಟಿ, ನನ್ನ ಹಳೆಯ ಲಂಗದ ಜರಿ ಅಂಚನ್ನು ಹೊಲಿದು, ಮರಿಯ ಹಣೆಪಟ್ಟಿಯಿಂದ ಎಡಗೆನ್ನೆಯ ಮೇಲೆ ಇಳಿಬಿಟ್ಟಳು. ಸುಳಿ ಮುಚ್ಚಿತು. ನೋಡಿದವರೆಲ್ಲ ಎಷ್ಟು ಮುದ್ದಾಗಿದೆ ಎಂದರು. ನನಗೂ ವಿಚಿತ್ರ ಅನ್ನಿಸಲಿಲ್ಲ. ಜಟಕಾ ಕುದುರೆಗಳಿಗೆ ಕಣ್ಣುಪಟ್ಟಿ ಕಟ್ಟುವುದನ್ನು ನೋಡಿಕೊಂಡೇ ಬೆಳೆದ ಮನೆ ನಮ್ಮದು.

ಮರಿ ಮಾತ್ರ ನನ್ನನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕುದುರೆಯನ್ನು ಎಡಗಡೆಯಿಂದ ಹತ್ತುವುದು ರೂಢಿ. ಜೀನಿನಿಂದ ಇಳಿಬಿದ್ದ ರಿಕಾಪಿಗೆ ನಾನು ಕಾಲಿಟ್ಟರೆ ಸಾಕು, ಮೈಮೇಲೆ ಬಿಸಿನೀರು ಬಿದ್ದಂತೆ ಹಾರುತ್ತಿತ್ತು. ಹೇಗೋ ಹತ್ತಿದರೂ ಎಡಗಡೆಯಲ್ಲಿ ಒಂದು ಸ್ಕೂಟರ್ ಹೋದರೆ ನನ್ನನ್ನು ಕೆಡವಿ ಓಡುತ್ತಿತ್ತು. ಬೆಲ್ಲ ಕೊಟ್ಟೆ, ಬೈದೆ, ಅದರ ಪಕ್ಕದಲ್ಲೇ ಗಂಟೆಗಟ್ಟಲೆ ಕೂತೆ. ನನ್ನ ಮೊಣಕೈ ತರಚಿತು, ತುಟಿ ಒಡೆಯಿತು. “ನೋಡ್ದ್ಯಾ, ಸುಳಿ ತನ್ನ ಕೆಲ್ಸ ಮಾಡ್ತಿದೆ” ಎಂದು ಅಜ್ಜಿ ಅರಿಶಿನ ಹಚ್ಚುತ್ತಾ ಹೇಳಿದಳು.

ನನ್ನ ತುಟಿ ಒಡೆದ ದಿನ ಅಪ್ಪ ತೀರ್ಮಾನ ಹೇಳಿಬಿಟ್ಟ. “ಭಾನುವಾರ ಕುದುರೆ ಬ್ರೋಕರ್ ಬರ್ತಾನೆ. ಅಷ್ಟರೊಳಗೆ ನೀನು ಬೀಳ್ದೆ ಕೂತು ತೋರ್ಸಿದ್ರೆ ಇರ್ಲಿ. ಇಲ್ದಿದ್ರೆ ಕೊಟ್ಬಿಡ್ತೀನಿ. ನನಗೆ ಮಗಳು ಮುಖ್ಯ.” ಬ್ರೋಕರ್ ಅದಕ್ಕೂ ಮೊದಲೇ ಒಮ್ಮೆ ಬಂದು ಮರಿಯನ್ನು ನೋಡಿ ಹೋಗಿದ್ದ. ಅದನ್ನು ಎಲ್ಲಿಗೆ ಕರೆದುಕೊಂಡು ಹೋಗ್ತೀರಿ ಎಂದು ಕೇಳಿದ್ದಕ್ಕೆ ನಕ್ಕಿದ್ದ. ಆ ನಗು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಊರಾಚೆಯ ಒಂದು ಸವಾರಿ ಶಾಲೆಗೆ ಫೋನ್ ಮಾಡಿದೆ. ಹೊರಗಿನ ಕುದುರೆಗಳನ್ನು ನಾವು ತಗೊಳ್ಳೋದಿಲ್ಲ ಎಂದು ತುಂಬ ಮರ್ಯಾದೆಯಿಂದ ಹೇಳಿ ಫೋನ್ ಇಟ್ಟರು. ಇನ್ನು ಉಳಿದದ್ದು ಮಾವಳ್ಳಿಯ ಕುದುರೆಯವನು. ಮದುವೆ ಮೆರವಣಿಗೆಗೆ ಬಿಳಿ ಕುದುರೆಗಳನ್ನು ಕೊಡುವವನು, ಬ್ಯಾಂಡ್ ಸದ್ದಿಗೂ ಪಟಾಕಿಗೂ ಬೆದರದ ಹಾಗೆ ಅವುಗಳನ್ನು ಪಳಗಿಸುವವನು. ಶನಿವಾರ ಬೆಳಿಗ್ಗೆ ನಾನು ಸ್ಕೂಟರ್ ಹೆಲ್ಮೆಟ್ ಹಾಕಿಕೊಂಡು, ಮರಿಗೆ ಜೀನು ಬಿಗಿದು, ಲಗಾಮು ಹಿಡಿದು ನಡೆಸಿಕೊಂಡೇ ಮಾವಳ್ಳಿಗೆ ಹೋದೆ. ದಾರಿಯುದ್ದಕ್ಕೂ ಅದು ನನ್ನ ಕಾಲು ತುಳಿಯಿತು.

ಅವನು ಲಾಯದ ಮುಂದೆ ಕೂತು ಮೆರವಣಿಗೆಯಲ್ಲಿ ಕುದುರೆ ಬೆನ್ನಿಗೆ ಹೊದಿಸುವ ಜೂಲಿಗೆ ಕನ್ನಡಿ ಚೂರು ಹೊಲಿಯುತ್ತಿದ್ದ. ನನ್ನ ಮಾತನ್ನೆಲ್ಲ ಕೇಳಿಸಿಕೊಂಡ.

“ಮೊದ್ಲು ಮುಖ ತೋರ್ಸಿಯಮ್ಮ. ಮುಖ ನೋಡ್ದೆ ನಾನು ಯಾವ್ ಕುದುರೇನೂ ಮುಟ್ಟಲ್ಲ.”

“ಮುಖ ಕಾಣ್ತಾ ಇದ್ಯಲ್ಲಣ್ಣ.”

“ಆ ಕುಚ್ಚು ಬಿಚ್ಚಿ ಅಂದೆ.”

ಬಿಚ್ಚಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ, ಬಿಚ್ಚಿದೆ. ಹತ್ತಿರ ಬಂದು ಬಗ್ಗಿ ನೋಡಿದವನು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. “ಕಣ್ಣೀರು ಸುಳಿ! ಗೊತ್ತಿದ್ದೂ ಇದನ್ನ ನನ್ನ ಬಾಗ್ಲಿಗೆ ಯಾಕಮ್ಮ ತಂದ್ರಿ? ಮದುವೆ ಮನೆಗೆ ಹೋಗೋ ಕುದುರೆಗಳು ಇಲ್ಲಿರೋವು. ಕರ್ಕೊಂಡ್ ಹೋಗಿ, ಕರ್ಕೊಂಡ್ ಹೋಗಿ.”

“ಪಳಗಿಸೋದು ಹೇಗೆ ಅಂತ ಬಾಯಲ್ಲಾದ್ರೂ ಹೇಳಿ.”

“ಅದು ಪಳಗಲ್ಲ. ಅದರ ಹಣೇಲಿ ಬರೆದಿಲ್ಲ.”

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಒಂದು ಪ್ರಾಣಿಯ ಕೆನ್ನೆಯ ಕೂದಲು ಯಾವ ಕಡೆ ತಿರುಗಿದೆ ಎಂದು ನೋಡಿ ಅದರ ಬದುಕನ್ನೇ ತೀರ್ಮಾನಿಸುತ್ತಾರಲ್ಲ ಎಂಬ ಸಿಟ್ಟು. ಕುಚ್ಚನ್ನು ಜೇಬಿಗೆ ತುರುಕಿಕೊಂಡು, ಹೊರಡೋಣ ಎಂದು ಮರಿಯ ಎಡಗಡೆಗೆ ಬಂದೆ. ಅದು ಹಾರಲಿಲ್ಲ. ಕತ್ತು ಕೊಂಚ ತಿರುಗಿಸಿ ಎಡಗಣ್ಣಿನಿಂದ ನನ್ನನ್ನು ನೋಡಿತು. ಕುಚ್ಚು ಕಟ್ಟಿದ ಮೇಲೆ ಆ ಕಡೆಯಿಂದ ಅದು ನನ್ನನ್ನು ನೋಡಿದ್ದು ಅದೇ ಮೊದಲು.

ನನ್ನ ತಲೆಗೆ ಆಗ ಹೊಳೆಯಿತು. ಅಷ್ಟು ದಿನವೂ ಅದಕ್ಕೆ ಎಡಗಣ್ಣೇ ಇರಲಿಲ್ಲ. ಜನ ನೋಡದಿರಲಿ ಎಂದು ಸುಳಿ ಮುಚ್ಚಿದ್ದೆವು, ಅದರ ಜೊತೆ ಕಣ್ಣನ್ನೂ ಮುಚ್ಚಿದ್ದೆವು. ಕಾಣದ ಕಡೆಯಿಂದ ದಿನವೂ ಯಾರೋ ಬಂದು ಮೈಮೇಲೆ ಬೀಳುತ್ತಿದ್ದರೆ, ಕಾಣದ ಕಡೆಯಿಂದ ಗಾಡಿಗಳು ಗುರ್ರೆಂದು ಹಾಯುತ್ತಿದ್ದರೆ ಯಾವ ಮರಿ ತಾನೇ ನಿಂತಲ್ಲಿ ನಿಂತೀತು? ಕೇಡು ಅದರ ಸುಳಿಯಲ್ಲಿರಲಿಲ್ಲ, ನಾವು ಕಟ್ಟಿದ ಕುಚ್ಚಿನಲ್ಲಿತ್ತು. ನನಗೆ ನಗಬೇಕೋ ಯಾರಿಗಾದರೂ ಹೊಡೆಯಬೇಕೋ ತಿಳಿಯಲಿಲ್ಲ.

ರಿಕಾಪಿಗೆ ಕಾಲಿಟ್ಟೆ. “ಬೀಳ್ತೀರಾ ಕಣಮ್ಮ!” ಎಂದು ಅವನು ಕೂಗಿದ. ಬೀಳಲಿಲ್ಲ. ಮರಿ ಸ್ವಲ್ಪ ಪಕ್ಕಕ್ಕೆ ಸರಿದು, ಮೂಗಿನಿಂದ ಜೋರಾಗಿ ಉಸಿರು ಬಿಟ್ಟು, ನಿಂತುಕೊಂಡಿತು.

“ಪಳಗಲ್ಲ ಅಂದ್ರಲ್ಲಣ್ಣ” ಎಂದೆ.

ಮನೆಗೆ ನೇರ ದಾರಿ ಬೇರೆ ಇತ್ತು. ನಾನು ಬೇಕೆಂದೇ ಗಾಂಧಿ ಬಜಾರಿನ ಕಡೆಗೆ ತಿರುಗಿಸಿದೆ. ಅಜ್ಜಿಗೆ ಪರಿಚಯದವರೆಲ್ಲ ಹೂವು ತರಕಾರಿಗೆ ಬರುವುದು ಅಲ್ಲಿಗೇ, ಅವರೆಲ್ಲ ಕಣ್ತುಂಬ ನೋಡಲಿ ಎಂಬುದೇ ನನ್ನ ಉದ್ದೇಶ. ಗಾಡಿಗಳು ಹೆಚ್ಚಿದ್ದ ಕಡೆ ಇಳಿದು ನಡೆಸಿದೆ, ಮತ್ತೆ ಹತ್ತಿದೆ, ಪ್ರತಿ ಸಲವೂ ಎಡಗಡೆಯಿಂದಲೇ. ಒಂದು ಆಟೋ ಎಡಕ್ಕೆ ಹಾದಾಗ ಮರಿ ಕಿವಿ ನಿಮಿರಿಸಿ ಅದನ್ನು ನೋಡಿತು, ಅಷ್ಟೇ. ಸೇವಂತಿಗೆ ಅಳೆಯುತ್ತಿದ್ದ ಹೂವಿನವಳು “ಏನಮ್ಮ, ಗಂಡೆಲ್ಲಿ, ಬರೀ ಕುದುರೆ ಬಂದಿದೆ?” ಎಂದಳು. “ಗಂಡು ಬೇಡ ಅಂತ ಬಿಟ್ಟು ಬಂದಿದೆ” ಎಂದೆ. ಅವಳು ಮೊಳ ಹಾಕುವುದನ್ನು ಮರೆತು ನಕ್ಕಳು. ಪಕ್ಕದಲ್ಲಿದ್ದ ಹೆಂಗಸು ನಗಲಿಲ್ಲ. ಅವಳು ಮರಿಯ ಎಡಗೆನ್ನೆಯನ್ನೇ ನೋಡುತ್ತಿದ್ದಳು. ನಾನು ಲಗಾಮು ಸಡಿಲ ಬಿಟ್ಟು, ಅವಳು ನೋಡಿ ಮುಗಿಸುವವರೆಗೂ ನಿಂತೆ.

ಮನೆ ಗೇಟಿನ ಹತ್ತಿರ ಅಪ್ಪ ಖಾಲಿ ಸೊಪ್ಪಿನ ಬುಟ್ಟಿಗಳನ್ನು ಇಳಿಸುತ್ತಿದ್ದ. ನನ್ನನ್ನು ನೋಡಿ ಬುಟ್ಟಿಯನ್ನು ಹಿಡಿದುಕೊಂಡೇ ನಿಂತ. ಅಜ್ಜಿ ಬಾಗಿಲಿಗೆ ಬಂದಳು.

“ಕುಚ್ಚೆಲ್ಲೇ?”

“ಜೇಬಲ್ಲಿದೆ. ಅದು ಕಣ್ಣಿಗೆ ಅಡ್ಡ ಬರ್ತಿತ್ತು ಅಜ್ಜಿ, ಅದಕ್ಕೇ ಹಾರ್ತಿತ್ತು. ನೋಡು, ಈಗ ಸುಮ್ನಿದೆ.”

“ಬೀದಿಯೆಲ್ಲಾ ನೋಡಿರ್ತಾರಲ್ಲೇ!”

“ನೋಡ್ಲಿ ಅಂತ್ಲೇ ಗಾಂಧಿ ಬಜಾರ್ ಮೇಲೆ ಬಂದೆ.”

ಅಪ್ಪ ಮೆತ್ತಗೆ, “ಕೂತು ತೋರ್ಸಿದ್ಲಲ್ಲಮ್ಮ, ಇರ್ಲಿ ಬಿಡು” ಎಂದ. ಅಜ್ಜಿ ಒಪ್ಪಲಿಲ್ಲ. ಕೆಟ್ಟ ಸುಳಿ ಇರೋದನ್ನ ಮನೇಲಿ ಇಟ್ಕೊಳ್ಳೋಕಾಗಲ್ಲ, ಊರೆಲ್ಲ ನೋಡಿದ ಮೇಲಂತೂ ಆಗೋದೇ ಇಲ್ಲ, ನಾಳೆ ಕಳಿಸಿಬಿಡು ಎಂದು ಹಟ ಹಿಡಿದಳು.

ನಾನು ಇಳಿದೆ. ಹೆಲ್ಮೆಟ್ ತೆಗೆದೆ. ಜಡೆ ಅಷ್ಟರಲ್ಲೇ ಅರ್ಧ ಬಿಚ್ಚಿಕೊಂಡಿತ್ತು, ಉಳಿದದ್ದನ್ನು ನಾನು ಬಿಚ್ಚಿದೆ. ಬೀದಿಯಲ್ಲೇ ಅವಳ ಮುಂದೆ ತಲೆ ಬಗ್ಗಿಸಿ, ಕೂದಲನ್ನು ಎರಡೂ ಕೈಯಿಂದ ಬಿಡಿಸಿ ನೆತ್ತಿ ತೋರಿಸಿದೆ.

“ಹಾಗಾದ್ರೆ ನನ್ನನ್ನೂ ಕಳಿಸ್ಬಿಡು ಅಜ್ಜಿ. ಅದಕ್ಕೆ ಒಂದೇ, ನನಗೆ ಎರಡಿದೆ.”

ತಲೆ ಬಗ್ಗಿಸಿದ್ದರಿಂದ ಅವಳ ಮುಖ ನನಗೆ ಕಾಣಲಿಲ್ಲ, ಪಾದಗಳು ಮಾತ್ರ ಕಂಡವು. ಅವು ಅಲ್ಲಾಡಲಿಲ್ಲ. ಆಮೇಲೆ ನನ್ನ ನೆತ್ತಿಯ ಮೇಲೆ ಅವಳ ಕೈ ಬಂತು. ಮುಚ್ಚುವುದಕ್ಕೆ ಬಂತೋ, ಬೇರೆ ಯಾವುದಕ್ಕೋ ಗೊತ್ತಿಲ್ಲ. “ಒಳಗೆ ಬಾ, ಬಿಸ್ಲು” ಎಂದಳು. ಒಳಗಿನಿಂದ ತಾತ “ಹೆಂಗವ್ನೆ ನನ್ನ ಮಗಾ?” ಎಂದು ಕೂಗುತ್ತಿದ್ದ. ಸಂಜೆ ಅಪ್ಪ ಬ್ರೋಕರ್‌ಗೆ ಫೋನ್ ಮಾಡಿ ಬರುವುದು ಬೇಡ ಎಂದ. ಅಜ್ಜಿ ಕೇಳಿಸಿಕೊಂಡು ದೀಪ ಹಚ್ಚಲು ಎದ್ದು ಹೋದಳು.

ಮರಿ ಆಮೇಲೆ ಸಾಧುವಾಯಿತು ಎಂದು ಯಾರೂ ತಿಳಿಯಬೇಡಿ. ಈಗಲೂ ಅಪ್ಪನ ಶರ್ಟಿನ ತೋಳನ್ನು ಕಚ್ಚುತ್ತದೆ, ಮನಸ್ಸಿಲ್ಲದಿದ್ದರೆ ಬೀದಿ ನಡುವೆ ನಿಂತುಬಿಡುತ್ತದೆ. ನನಗೆ ಅದೇ ಇಷ್ಟ.

ಆ ಭಾನುವಾರ ಬೆಳಿಗ್ಗೆ ಅಜ್ಜಿ ಎಂದಿನಂತೆ ಎಣ್ಣೆ, ಬಾಚಣಿಗೆ ಹಿಡಿದು ಹಜಾರದಲ್ಲಿ ಕೂತಳು. ನಾನು ಅವಳ ಮುಂದೆ ಹೋಗಿ ಕೂತೆ.

“ಬೈತಲೆ ಎಲ್ಲಿ ತೆಗೀಲಿ?” ಎಂದು ಕೇಳಿದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಹಾಗೆ ಕೇಳಿರಲೇ ಇಲ್ಲ.

“ನಡುವೆ” ಎಂದೆ.