ಯಾರದೋ ರೈಟಿಗೆ ಬಿಟ್ಟ ಬಸ್ಸು

ಮೂಡುಬಿದಿರೆಯ ತನ್ನ ರಿಪೇರಿ ಅಂಗಡಿಯಲ್ಲಿ ರಮಾನಾಥ ಆ ಹಳೆಯ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದ ಕೂಡಲೇ ಜಿರಳೆಗಳ ಒಂದು ದಿಬ್ಬಣವೇ ಹೊರಟಿತು. ಅವುಗಳ ಹಿಂದೆ ಹಲ್ಲಿ ಮೊಟ್ಟೆಯ ಸಿಪ್ಪೆ, ಫ್ಯಾನಿನ ರೆಕ್ಕೆಗೆ ಅಂಟಿ ಕಪ್ಪಾದ ಬೆಲ್ಲ, ಬೆಲ್ಲಕ್ಕೆ ಅಂಟಿದ ಭತ್ತದ ಹೊದಳು. ಅದನ್ನು ಹೊತ್ತು ತಂದಿದ್ದ ಜತ್ತಪ್ಪ ಮೂಗು ಮುಚ್ಚಿಕೊಂಡು ಮೆಟ್ಟಿಲಿಗೆ ಬಂದು ನಿಂತ.

“ಇದೆಂತದ್ದು ಮಾರಾಯ್ರೆ, ಕಂಪ್ಯೂಟರಿಗೆ ಪಂಚಕಜ್ಜಾಯ ತಿನ್ನಿಸಿದ್ದೀರಾ?” ಎಂದು ರಮಾನಾಥ ಒಳಗಿನಿಂದ ಕೇಳಿದ.

ತಿನ್ನಿಸಿದವಳು ಜತ್ತಪ್ಪನ ಹೆಂಡತಿ ಅಮ್ಮಣಿ. ಪ್ರತಿ ಆಯುಧಪೂಜೆಗೆ ಕತ್ತಿ, ಹಾರೆ, ರಬ್ಬರ್ ಶೀಟಿನ ಮೆಷಿನುಗಳ ಜೊತೆ ಇದಕ್ಕೂ ಆರತಿ ಎತ್ತಿ, ಬಾಳೆಲೆ ತುಂಡಿನಲ್ಲಿ ಪ್ರಸಾದವನ್ನು ಪೆಟ್ಟಿಗೆಯ ತಲೆಯ ಮೇಲೆ ಇಡುತ್ತಿದ್ದಳು. ಆ ತಲೆಯಲ್ಲಿ ಗಾಳಿಗೆಂದು ತೂತುಗಳಿವೆ ಎಂದು ಅವಳಿಗೂ ಗೊತ್ತಿರಲಿಲ್ಲ, ಇವನಿಗೂ ಗೊತ್ತಿರಲಿಲ್ಲ. ದಿನಾ ಬೆಳಗ್ಗೆ ತಾನೇ ಗಾಜು ಒರೆಸಿ, ಸೀಟಿನಡಿ ಬಗ್ಗಿ ನೋಡಿ, ಆಮೇಲೆಯೇ ಮೊದಲ ಟ್ರಿಪ್ಪಿಗೆ ಬಸ್ಸು ತೆಗೆಯುತ್ತಿದ್ದ ಮನುಷ್ಯ ಜತ್ತಪ್ಪ. ಇಂಥ ಗಲೀಜಿನ ಮುಂದೆ ಕೂತು ತಾನು ಇಷ್ಟು ದಿನ ಬಸ್ಸು ಓಡಿಸಿದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಹೌದು, ಕಂಪ್ಯೂಟರಿನಲ್ಲೇ ಬಸ್ಸು. ನಿಜವಾದ ಬಸ್ಸನ್ನು ಅವನು ಬಿಟ್ಟು ಬಂದಿದ್ದ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಸರ್ವಿಸ್ ಬಸ್ಸು ಅದು. ಬಸ್ಸಿನ ಧಣಿಗಳು ತೀರಿಕೊಂಡ ಮೇಲೆ ಅವರ ಮಗ ಒಂದು ದಿನ, “ಮುಂದಿನ ಬಸ್ಸನ್ನು ಓವರ್‌ಟೇಕ್ ಹೊಡೆದು ಹೋಗಿ ಜತ್ತಪ್ಪಣ್ಣ, ಹೀಗೆ ಸೌತೆಕಾಯಿ ಬಂಡಿ ಬಿಟ್ಟ ಹಾಗೆ ಬಿಟ್ರೆ ಕಲೆಕ್ಷನ್ ಎಲ್ಲಿಂದ?” ಎಂದ. ಜತ್ತಪ್ಪ ಕೀಲಿಕೈಯನ್ನು ಮೇಜಿನ ಮೇಲಿಟ್ಟು, “ಜನ ಕೊಂದು ಕಲೆಕ್ಷನ್ ಮಾಡ್ಲಿಕ್ಕೆ ಬೇರೆಯವರನ್ನು ಹುಡುಕಿ,” ಎಂದು ಹೇಳಿ ನಡೆದುಕೊಂಡೇ ಪೆರಿಂಜೆಯ ಮನೆಗೆ ಬಂದ. ಅವನಿಗಿದ್ದದ್ದು ಒಂದೇ ಹೆಮ್ಮೆ. ಅಷ್ಟು ವರ್ಷಗಳಲ್ಲಿ ಅವನ ಚಕ್ರದಡಿ ಒಂದು ಕೋಳಿಮರಿಯೂ ಸತ್ತಿರಲಿಲ್ಲ.

ಆ ಹೆಮ್ಮೆಯಲ್ಲಿ ಅರ್ಧ ಪಾಲು ಕಂಡಕ್ಟರ್ ಬಾವಾನದು. ಬಾವಾ ಕೆಳಗಿಳಿದು, ಹಿಂದೆ ಮುಂದೆ ನೋಡಿ, ಹತ್ತುವ ಮುದುಕಿಯರ ಕೈ ಹಿಡಿದು ಮೇಲೆಳೆದು, “ರೈಟ್, ಪೋಯಿ!” ಎಂದು ತುಳುವಿನಲ್ಲಿ ಹೊರಡಲು ಕೂಗುವ ತನಕ ಜತ್ತಪ್ಪನ ಕಾಲು ಬ್ರೇಕಿನಿಂದ ಮೇಲೇಳುತ್ತಿರಲಿಲ್ಲ. ತುಂಟ ಕಾಲೇಜು ಮಕ್ಕಳು ಬಾಗಿಲಲ್ಲಿ ನೇತಾಡುತ್ತಾ ರೈಟ್ ರೈಟ್ ಎಂದು ಎಷ್ಟು ಕಿರುಚಿದರೂ ಅವನು ಕಲ್ಲು.

ಮನೆಯಲ್ಲಿ ಕೂತು ಕಂಡಕಂಡವರ ಮೇಲೆ ರೇಗುವ ಅಪ್ಪನನ್ನು ನೋಡಲಾರದೆ ಮಗಳು ವಿಸ್ಮಿತಾ ಬಸ್ಸು ಓಡಿಸುವ ಆಟವೊಂದನ್ನು ತನ್ನ ಕಾಲೇಜು ದಿನಗಳ ಕಂಪ್ಯೂಟರಿಗೆ ಹಾಕಿದಳು. ಅವಳು ಬೆಳ್ತಂಗಡಿಯ ಶಾಲೆಯೊಂದರಲ್ಲಿ ಟೀಚರು. ಬಸ್ಸಿಗೆ ಹಳೆಯ ಬಸ್ಸಿನದೇ ಬಣ್ಣ ಬಳಿದು, ಸ್ಟೇರಿಂಗ್ ಮತ್ತು ಪೆಡಲು ತಂದು ಜೋಡಿಸಿ, ಸಂಜೆ ಹೊತ್ತು ಇಂಟರ್ನೆಟ್ಟಿನಲ್ಲಿ ಲೈವ್ ಬಿಡಲು ಕಲಿಸಿಕೊಟ್ಟಳು. ಪರದೆಯ ಮೇಲಿನದು ಯಾವುದೋ ದೇಶದ ಊರು. ಜತ್ತಪ್ಪ ಅದರ ಸ್ಟಾಪುಗಳಿಗೆ ಹೊಸಂಗಡಿ, ವೇಣೂರು, ಗುರುವಾಯನಕೆರೆ ಎಂದು ಹೆಸರಿಟ್ಟು ತುಳುವಿನಲ್ಲಿ ಮಾತಾಡುತ್ತಾ ಹೋಗುತ್ತಿದ್ದ. ನೋಡುತ್ತಿದ್ದವರು ಬೆರಳೆಣಿಕೆಯ ಹಳೆಯ ಪ್ರಯಾಣಿಕರು, ಗಲ್ಫಿನಲ್ಲಿದ್ದ ಕೆಲವರು. ಮತ್ತೆ ಬಾವಾ. ಈಗ ಫರಂಗಿಪೇಟೆಯಲ್ಲಿ ಚಾದಂಗಡಿ ಇಟ್ಟಿದ್ದ ಅವನು ಮೊಬೈಲು ಹಿಡಿದು, ಪ್ರತಿ ಸ್ಟಾಪಿನಲ್ಲಿ “ವೇಣೂರು ಇಳಿಯುವವರು ಬನ್ನಿ” ಎಂದು ಬರೆದು, ಸ್ವಲ್ಪ ಹೊತ್ತಿನ ಮೇಲೆ “ರೈಟ್ ಪೋಯಿ” ಎಂದು ಬರೆಯುತ್ತಿದ್ದ. ಆಮೇಲೆಯೇ ಬಸ್ಸು ಹೊರಡುತ್ತಿತ್ತು.

ಆದರೆ ಚಿತ್ರ ನಡುನಡುವೆ ಸಿಕ್ಕಿಹಾಕಿಕೊಳ್ಳುತ್ತಿತ್ತು, ಮಾತು ಒಂದು ಕಡೆ, ಬಸ್ಸು ಒಂದು ಕಡೆ. ಅದಕ್ಕೇ ಈ ಅಂಗಡಿ, ಈ ಜಿರಳೆ.

ರಮಾನಾಥ ಬ್ಲೋವರಿನಲ್ಲಿ ಊದಿ ಒಣಗಿದ ಹಲ್ಲಿಯೊಂದನ್ನು ಹಾರಿಸಿದ. RAM ಹೆಚ್ಚಿಸಿದ, ಹಳೆ ಡಿಸ್ಕ್ ತೆಗೆದು SSD ಹಾಕಿದ, ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡೊಂದನ್ನು ಕೂರಿಸಿ, ಅದಕ್ಕೆ ಕರೆಂಟು ಸಾಲುವಂತೆ ಪವರ್ ಸಪ್ಲೈಯನ್ನೂ ಬದಲಿಸಿದ. ಮನೆಗೆ ತಂದು ಹಾಕಿದರೆ ಚಿತ್ರ ಎಣ್ಣೆಯಂತೆ ಜಾರಿತು. ವಿಸ್ಮಿತಾ ಖುಷಿಯಿಂದ ಇದುವರೆಗೆ ಮುಚ್ಚಿಟ್ಟಿದ್ದ ಒಂದನ್ನು ತೆರೆದಳು. ಹಳೆಯ ಯಂತ್ರಕ್ಕೆ ಭಾರವಾಗುತ್ತದೆಂದು ಆಟದ ರಸ್ತೆಗಳಿಂದ ಅವಳು ಜನರನ್ನೇ ತೆಗೆದುಹಾಕಿದ್ದಳು. ಈಗ ಪರದೆಯ ತುಂಬ ಜನ, ಮಕ್ಕಳು, ಕೊಡೆ ಹಿಡಿದ ಮುದುಕಿಯರು.

ಚಿತ್ರ ಚೆಂದವಾದದ್ದೇ ನೋಡುವವರೂ ಹೆಚ್ಚಿದರು. ಮೂರೋ ನಾಲ್ಕೋ ದಿನ ಕಳೆದಿರಬೇಕು, ವೇಣೂರು ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಪಕ್ಕದಲ್ಲಿ ನೋಡುವವರ ಬರಹಗಳು ಮಳೆಗಾಲದ ತೋಡಿನ ಹಾಗೆ ಹರಿಯುತ್ತಿದ್ದವು. ನಡುವೆ “ರೈಟ್” ಎಂದು ಕಂಡಿತು. ಜತ್ತಪ್ಪ ಹೆಸರು ನೋಡಲಿಲ್ಲ, ಬ್ರೇಕು ಬಿಟ್ಟ. ಧಡಕ್ ಎಂದಿತು. ಕೊಡೆ ಒಂದು ಕಡೆ ಹಾರಿತು, ಮುದುಕಿ ಒಂದು ಕಡೆ.

ಅವನು ಮತ್ತೆ ಬ್ರೇಕು ತುಳಿದ. ಬರಹಗಳಲ್ಲಿ ನಗುವೋ ನಗು. ಹಣ ಕಂಡರೆ ಹೆಣವೂ ಬಾಯಿ ಬಿಡುತ್ತದೆ ಅನ್ನುತ್ತಾರೆ. ಇಲ್ಲಿ ಹೆಣ ಕಂಡು ಹಣ ಬಾಯಿ ಬಿಟ್ಟಿತು. ಇನ್ನೊಂದು ಅಜ್ಜಿ ಬೇಕು ಎಂದು ದುಡ್ಡು ಕಳಿಸಿದರು. ಆ ತುಣುಕು ಮೊಬೈಲಿಂದ ಮೊಬೈಲಿಗೆ ಹಾರಿ, ಮರುದಿನ ಮೀನು ಮಾರ್ಕೆಟಿನಲ್ಲಿ ಬಂಗುಡೆ ಕೊಡುತ್ತಿದ್ದವನು ಹಲ್ಲು ಕಿರಿದು, “ಇವತ್ತು ಎಷ್ಟು ಅಜ್ಜಿ ಜತ್ತಪ್ಪಣ್ಣ?” ಎಂದು ಕೇಳಿದ. ಥೂ! ಜತ್ತಪ್ಪ ಮೀನು ಅಲ್ಲೇ ಬಿಟ್ಟು ಬಂದ. ಜಿರಳೆಗಾದರೂ ಹಸಿವು ಉಂಟು, ಬೆಲ್ಲಕ್ಕೆ ಬರುತ್ತದೆ. ಈ ಜನಕ್ಕೆ ಎಂಥ ಹಸಿವು?

“ಅಪ್ಪ, ಅದು ಗೊಂಬೆ. ಆಟ ಅಲ್ವಾ?” ಎಂದಳು ವಿಸ್ಮಿತಾ. “ನಿಮಗೆ ಬೇಜಾರಾದ್ರೆ ಜನರನ್ನು ಮತ್ತೆ ತೆಗಿತೇನೆ. ರಸ್ತೆ ಖಾಲಿ ಇರ್ಲಿ.”

“ಬೇಡ. ಖಾಲಿ ರಸ್ತೆಯಲ್ಲಿ ಯಾವ ಮಂಗನಾದ್ರೂ ಓಡಿಸ್ತಾನೆ. ಮೊದಲು ಬಾವಾ ಎಲ್ಲಿ ಹೋದ ನೋಡುವ.”

ಅಜ್ಜಿಗೆ ಬಸ್ಸು ಬಡಿದ ಆ ಸಂಜೆಯಿಂದ ಬಾವಾ ಲೈವಿಗೆ ಬಂದಿರಲಿಲ್ಲ, ಫೋನೂ ಎತ್ತಿರಲಿಲ್ಲ. ಜತ್ತಪ್ಪ ಬಸ್ಸು ಹತ್ತಿ ಫರಂಗಿಪೇಟೆಗೆ ಹೋದ. ಬಾವಾ ಚಾ ಕೊಟ್ಟ, ಮುಖ ಕೊಡಲಿಲ್ಲ. ಹೆದ್ದಾರಿಯ ಲಾರಿಗಳನ್ನೇ ನೋಡುತ್ತಿದ್ದ.

“ಎಂತ ಬಾವಾ, ನನ್ನ ಮೇಲೆ ಕೋಪ ಉಂಟಾ?”

“ನಾನು ರೈಟ್ ಕೊಡ್ಲಿಲ್ಲ ಜತ್ತಪ್ಪಣ್ಣ,” ಎಂದ ಬಾವಾ. “ಆ ಅಜ್ಜಿ ದಾಟ್ತಾ ಇದ್ದದ್ದು ನನಗೆ ಕಂಡಿತ್ತು. ನಿಲ್ಲಿಸಿ, ಹೋಲ್ಡಾನ್ ಅಂತ ಬರ್ದೆ. ಅದು ಯಾರಿಗೆ ಬೇಕು? ನೀವು ಯಾರದ್ದೋ ರೈಟಿಗೆ ಬಸ್ ಬಿಟ್ರಿ.”

ಜತ್ತಪ್ಪ ಚಾದ ಗ್ಲಾಸನ್ನು ಕೆಳಗಿಟ್ಟ. ಧಣಿಗಳ ಮಗನ ಮೇಜಿನ ಮೇಲೆ ಕೀಲಿಕೈ ಇಟ್ಟು ಬಂದವನು ತಾನೇ ಅಲ್ಲವೇ? ಪರದೆಯ ಮೂಲೆಯಲ್ಲಿ ನೋಡುವವರ ಲೆಕ್ಕ ಏರುವುದನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದವನೂ ತಾನೇ. ಬೇರೆ ಯಾರ ಮೇಲೆಯೂ ಹುಟ್ಟದಷ್ಟು ಹೇಸಿಗೆ ಅವನಿಗೆ ಆ ಓರೆಗಣ್ಣಿನ ಮೇಲೆ ಹುಟ್ಟಿತು. “ಸಂಜೆ ಬಸ್ಸು ಹೊರಡ್ತದೆ,” ಎಂದಷ್ಟೇ ಹೇಳಿ ಎದ್ದು ಬಂದ.

ಸಂಜೆ ಲೈವ್ ಶುರುವಾದಾಗ ಅಜ್ಜಿಗಾಗಿ ಕಾದು ಕೂತ ಜನ ಜಾತ್ರೆಯಷ್ಟಿತ್ತು. ಜತ್ತಪ್ಪ ಬಸ್ಸನ್ನು ವೇಣೂರು ಸ್ಟಾಪಿನ ತನಕ ತಂದು ನಿಲ್ಲಿಸಿದ. ಬಾಗಿಲು ತೆರೆದ. ಹೊರಡಲಿಲ್ಲ.

ರೈಟ್, ರೈಟ್, ರೈಟ್ ಎಂದು ಸಾಲು ಸಾಲು ಬಂತು. ಆಮೇಲೆ ಬೈಗುಳ, ಅವನ ಅಮ್ಮನವರೆಗೆ ಹೋಗುವ ಬೈಗುಳ.

“ನನ್ನ ಕಂಡಕ್ಟರ್ ಇನ್ನೂ ರೈಟ್ ಕೊಡ್ಲಿಲ್ಲ,” ಎಂದ ಜತ್ತಪ್ಪ ಮೈಕಿಗೆ. “ಗಡಿಬಿಡಿ ಇದ್ದವರು ಇಳಿದು ಬೇರೆ ಬಸ್ಸಿಗೆ ಹೋಗಿ.”

ಇಳಿದರು. ದೀಪ ಹಚ್ಚಿ ಬಂದ ಅಮ್ಮಣಿ ಅಲುಗಾಡದ ಚಿತ್ರ ನೋಡಿ, “ಪುನಃ ಹಾಳಾಯ್ತಾ?” ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಸ್ಕ್ರೀನಿನಲ್ಲಿ ಗೊಂಬೆ ಜನರು ಬಸ್ಸಿನ ಮುಂದೆ ಹಾದು ಹೋಗುತ್ತಿದ್ದರು. ಬರಹ ಹರಿಯುವುದು ನಿಂತು, ಹಳೆಯ ಬೆರಳೆಣಿಕೆಯ ಹೆಸರುಗಳಷ್ಟೇ ಉಳಿದವು. ಅವುಗಳಲ್ಲಿ ಬಾವಾ ಇರಲಿಲ್ಲ. ಜತ್ತಪ್ಪನ ಬಲಗಾಲು ಬ್ರೇಕಿನ ಮೇಲೆ ಮರಗಟ್ಟಿತು. ಅವನು ಕಾಲು ಬದಲಿಸಲಿಲ್ಲ.

ಕೊನೆಗೆ ಒಂದು ಸಾಲು ಬಂತು.

“ಹೋಲ್ಡಾನ್ ಜತ್ತಪ್ಪಣ್ಣ. ಒಬ್ಬರು ಅಜ್ಜಿ ದಾಟ್ತಾ ಇದ್ದಾರೆ.”

ನೋಡಿದರೆ ಹೌದು, ಬಲಗಡೆಯಿಂದ ಅದೇ ಕೊಡೆ. ಮುದುಕಿ ನಿಧಾನಕ್ಕೆ ಬಸ್ಸಿನ ಮೂಗಿನ ಮುಂದೆ ದಾಟಿ ಅತ್ತ ಹೋದಳು. ಜತ್ತಪ್ಪ ಹೆಸರನ್ನು ಎರಡು ಸಲ ಓದಿಕೊಂಡು, ಮುಂದಿನ ಸಾಲಿಗೆ ಕಾದ.