ಅಂಗಾರಣ್ಣನ ತಲೆಗೆ ಕರೆಂಟು

ಘಾಟ್ಕೋಪರಿನ ನಮ್ಮ ಚಾಳಿನಲ್ಲಿ ಬಾತ್‌ರೂಮಿನ ಲೈಟು ಹಾಕುವ ಮೊದಲು ಎರಡೂ ಕೈಗಳನ್ನು ಟವೆಲಿನಲ್ಲಿ ಒರೆಸಿಕೊಳ್ಳುವ ಮನುಷ್ಯ ಅಂಗಾರಣ್ಣ ಒಬ್ಬನೇ. ಒರೆಸಿದ್ದು ಸಾಲದೆಂದು ಬೆರಳುಗಳಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತಾನೆ. ಹಿಂದೆ ಬಕೆಟ್ ಹಿಡಿದು ಸಾಲು ನಿಂತವರು ಹಲ್ಲು ಕಡಿಯುತ್ತಾರೆ. ನಾನೂ ಕಡಿದಿದ್ದೇನೆ.

ಪ್ರಾಯವಿಡೀ ಉಡುಪಿ ಹೋಟೆಲೊಂದರ ಅಡುಗೆಮನೆಯಲ್ಲಿ ಹಿಟ್ಟು ರುಬ್ಬಿದವನು ಅವನು. ಈ ಕಡೆಯ ಅರ್ಧ ಜನ ಅವನು ರುಬ್ಬಿದ ಹಿಟ್ಟಿನ ಇಡ್ಲಿ ತಿಂದಿರಬೇಕು, ಅವನ ಮುಖ ಮಾತ್ರ ಒಬ್ಬರಿಗೂ ಗೊತ್ತಿಲ್ಲ. ಒಂದು ಮಳೆಗಾಲ ಅಡುಗೆಮನೆಗೆ ನೀರು ನುಗ್ಗಿದಾಗ, ಜೊತೆಯಲ್ಲಿ ರುಬ್ಬುತ್ತಿದ್ದ ಸೋಮನಾಥ ಒದ್ದೆ ಕೈಯಲ್ಲಿ ಗ್ರೈಂಡರಿನ ಸ್ವಿಚ್ ಮುಟ್ಟಿದ. ಅಂಗಾರಣ್ಣ ಓಡಿಹೋಗಿ ಮೇನ್ ಆಫ್ ಮಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದು ಹೊಕ್ಕ ಹೆದರಿಕೆ ಅವನನ್ನು ಬಿಟ್ಟು ಹೋಗಲೇ ಇಲ್ಲ.

ಅಂಥವನಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಮೊದಲು ಕೈ ನಡುಗಿತು. ಅದನ್ನು ಮಾತ್ರೆಗಳು ತಕ್ಕಮಟ್ಟಿಗೆ ಹಿಡಿದು ನಿಲ್ಲಿಸಿದವು. ಆಮೇಲೆ ಮೈಯ ಆಯ ತಪ್ಪತೊಡಗಿತು, ಅದಕ್ಕೆ ಯಾವ ಮಾತ್ರೆಯೂ ನಾಟಲಿಲ್ಲ. ಸುಮ್ಮನೆ ತಿರುಗಲು ಹೋದರೂ ಹಿಂದಕ್ಕೆ ಬೀಳುತ್ತಿದ್ದ, ಗೋಡೆಗೆ ಒರಗಿಸಿಟ್ಟ ಚಾಪೆ ಜಾರಿದ ಹಾಗೆ. ಒಮ್ಮೆ ಮಣಿಕಟ್ಟು ಮುರಿಯಿತು. ಮುಂದಿನ ಸಲ ಸೊಂಟವೇ ಹೋಗಬಹುದು ಎಂದರು ಪರೇಲಿನ ಆಸ್ಪತ್ರೆಯ ಡಾಕ್ಟರು. ಅಂದಿನಿಂದ ಹೆಂಡತಿ ವಿನೋದಿನಿ ಅವನ ಬೆನ್ನ ಹಿಂದೆಯೇ ನಡೆಯತೊಡಗಿದಳು, ಬಿದ್ದರೆ ಹಿಡಿಯಬೇಕೆಂದು. ಆಕೆಯ ತೂಕ ಅವನ ಅರ್ಧದಷ್ಟೂ ಇಲ್ಲ.

ಆ ಡಾಕ್ಟರೇ ಒಂದು ಪ್ರಯೋಗದ ವಿಷಯ ಹೇಳಿದರು. ತಲೆ ಕೊಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ತಲೆಗೆ ಪಟ್ಟಿ ಕಟ್ಟಿ ಹೊರಗಿನಿಂದಲೇ ಮೆದುಳಿಗೆ ತೀರಾ ಸಣ್ಣ ಕರೆಂಟು ಹಾಯಿಸುತ್ತಾರೆ, ಜೊತೆಗೆ ನಿಲ್ಲುವ, ತಿರುಗುವ ವ್ಯಾಯಾಮ ಮಾಡಿಸುತ್ತಾರೆ. ಕೆಲವರು ಬೀಳುವುದು ಕಡಿಮೆಯಾದಂತಿದೆ, ಆದರೆ ಗಟ್ಟಿಯಾಗಿ ಹೇಳುವ ಹಾಗಿಲ್ಲ. ಅದಕ್ಕೇ ಪ್ರಯೋಗ. ವಿನೋದಿನಿ ಅತ್ತು ಕರೆದು ಗಂಡನನ್ನು ಒಪ್ಪಿಸಿದಳು. ಜೊತೆಗೆ ನನ್ನನ್ನೂ ಹೊರಡಿಸಿದಳು. ರಾತ್ರಿಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನನ್ನ ಮಾತಿಗೆ ಅವನು ಬೆಲೆ ಕೊಡುತ್ತಾನೆಂಬ ಭ್ರಮೆ ಆಕೆಗೆ.

ಅಲ್ಲಿ ಪಟ್ಟಿ ಕಟ್ಟುವವಳು ಲಾವಣ್ಯಾ ಎಂಬ ಹುಡುಗಿ. ಮಂಗಳೂರಿನವರ ಮಗಳು, ಹುಟ್ಟಿ ಬೆಳೆದದ್ದು ಗೋರೆಗಾಂವ್. ಅವಳು ಬಟ್ಟಲಿನ ನೀರಿನಲ್ಲಿ ಎರಡು ಸ್ಪಂಜು ಅದ್ದಿ ಹಿಂಡಿದಳು. ಅಂಗಾರಣ್ಣನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ಎಂಥ ಅದು? ಒದ್ದೆ ಉಂಟಲ್ಲ!"

"ಹಾಂ ಅಂಕಲ್, ನಮಕ್‌ನ ನೀರು, ಉಪ್ಪಿಂದು. ಡ್ರೈ ಇದ್ರೆ ಕರೆಂಟ್ ಬರಾಬರ್ ಹೋಗಲ್ಲ."

ಪಾಪ, ಅವಳು ಧೈರ್ಯ ಹೇಳಿದ್ದು.

"ಕೇಳಿದ್ರಾ ಮಾಷ್ಟ್ರೆ? ಒದ್ದೆ ಇದ್ರೆ ಚಂದ ಹೋಗ್ತದಂತೆ. ಸೋಮನಾಥನಿಗೂ ಚಂದವೇ ಹೋದದ್ದು!"

ಎದ್ದು ಓಡಲು ನೋಡಿದ. ಓಡುವ ಕಾಲಿದ್ದಿದ್ದರೆ ಅವನು ಇಲ್ಲಿಗೇಕೆ ಬರುತ್ತಿದ್ದ? ಇದು ಬರೀ ಬ್ಯಾಟರಿಯದ್ದು, ಗೋಡೆಯ ಕರೆಂಟಲ್ಲ ಎಂದು ನಾನು ಪಾಠ ಮಾಡಿದೆ. ಒಳಗೊಳಗೆ ನನಗೂ ಪುಕಪುಕ ಎನ್ನುತ್ತಿತ್ತು.

ಲಾವಣ್ಯಾ ಪಕ್ಕದಲ್ಲಿ ಕೂತು, ಡಾಕ್ಟರು ಮೊದಲೇ ಹೇಳಿದ್ದ ಸಂಗತಿಯನ್ನು ಇನ್ನೊಮ್ಮೆ ಬಿಡಿಸಿ ಹೇಳಿದಳು. ಈ ಪ್ರಯೋಗದಲ್ಲಿ ಅರ್ಧ ಜನಕ್ಕೆ ನಿಜವಾದ ಕರೆಂಟು. ಉಳಿದರ್ಧಕ್ಕೆ ಶುರುವಿನಲ್ಲಿ ಚೂರು ಜುಮ್ಮೆನಿಸಿ ಮೆಷೀನು ಸುಮ್ಮನಾಗುತ್ತದೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿರುವುದಿಲ್ಲ, ಅವಳಿಗೂ ಗೊತ್ತಿರುವುದಿಲ್ಲ. ಅಂಗಾರಣ್ಣನ ಕಿವಿಗೆ ಅದು ಆಗಷ್ಟೇ ಬಿತ್ತು. ಗಟ್ಟಿಯಾಗಿ ಕಣ್ಣು ಮುಚ್ಚಿ ಕೈ ಮುಗಿದ.

"ಸ್ವಾಮೀ ಮಂಜುನಾಥ, ನಂದು ಖಾಲಿಯದ್ದೇ ಆಗ್ಲಿ."

ಮೆಷೀನು ಶುರುವಾದಾಗ ಅವನು ಕುರ್ಚಿಯ ಕೈಯನ್ನು ಅವುಚಿ ಹಿಡಿದ. ಸ್ವಲ್ಪ ಹೊತ್ತಿಗೆ ಅವನ ಮುಖ ಸಡಿಲಾಯಿತು. "ನಿಂತಿತು ಮಾಷ್ಟ್ರೆ, ಖಾಲಿ!" ಎಂದು ಪಿಸುಗುಟ್ಟಿದ. ನಿಜದ್ದರಲ್ಲೂ ಚರ್ಮಕ್ಕೆ ಅಭ್ಯಾಸವಾಗಿ ಜುಮ್ಮೆನ್ನುವುದು ನಿಲ್ಲುತ್ತದೆ ಎಂದು ಲಾವಣ್ಯಾ ಹೇಳಿದ್ದು ಅವನಿಗೆ ಬೇಕಿರಲಿಲ್ಲ.

ಆಮೇಲೆ ದಿನವೂ ಅದೇ ಕಥೆ. ಟ್ಯಾಕ್ಸಿ ಪರೇಲ್ ತಲುಪುವ ಹೊತ್ತಿಗೆ ಅಂಗಿ ಬೆವರಿನಲ್ಲಿ ತೊಯ್ದಿರುತ್ತಿತ್ತು. ಆಸ್ಪತ್ರೆಯ ಗೇಟಿನಲ್ಲಿ ನಿಂತು ಪ್ರಾರ್ಥನೆ. ಕೊನೆಯ ದಿನದವರೆಗೂ ಖಾಲಿಯದ್ದೇ ಕೊಟ್ಟರೆ ತಲೆಯಲ್ಲಿ ಉಳಿದ ನಾಲ್ಕು ಕೂದಲನ್ನೂ ಧರ್ಮಸ್ಥಳದಲ್ಲಿ ಮುಡಿ ಕೊಡುವುದಾಗಿ ಹರಕೆ ಬೇರೆ. ಲೋಕದಲ್ಲಿ ಔಷಧ ನಾಟದಿರಲಿ ಎಂದು ಹರಕೆ ಹೊತ್ತವನು ನೀನೊಬ್ಬನೇ ಎಂದು ನಾನು ಗೇಲಿ ಮಾಡಿದೆ. ವಿನೋದಿನಿ ನಗಲಿಲ್ಲ. ಆಕೆಯ ಪ್ರಾರ್ಥನೆ ಏನಿತ್ತೆಂದು ನಾನು ಕೇಳಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬಂದು ಚಾಳಿನ ಮೆಟ್ಟಿಲು ಹತ್ತುತ್ತಿದ್ದೆವು. ಮುಂದೆ ನಾನು, ನಡುವೆ ಅವನು, ಅವನ ಹಿಂದೆ ವಿನೋದಿನಿ. ಮೇಲಿನ ಮೆಟ್ಟಿಲಲ್ಲಿ ತಿರುಗುವಾಗ ಅವನ ಕಾಲು ನೆಲಕ್ಕೆ ಅಂಟಿಕೊಂಡಿತು, ಮೈ ಹಿಂದಕ್ಕೆ ವಾಲಿತು. ನಾನು ಕೈ ಚಾಚುವಷ್ಟರಲ್ಲಿ ಇಬ್ಬರೂ ಕೆಳಗಿದ್ದರು. ಅವನಿಗೆ ತರಚು ಗಾಯವೂ ಇಲ್ಲ, ಅವನು ಬಿದ್ದದ್ದು ಆಕೆಯ ಮೇಲೆ.

"ನಿಮ್ಗೆ ಪೆಟ್ಟಾಯ್ತಾ?" ಎಂದಳು ವಿನೋದಿನಿ ಅಡಿಯಿಂದ. ಆಕೆಗೆ ಏಳಲು ಆಗಲಿಲ್ಲ. ಸೊಂಟ ಮುರಿದಿತ್ತು.

ಆಪರೇಷನ್ ಆಯಿತು. ಮತ್ತೆ ನಡೆಯುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಆಕೆ ಮಂಚದ ಮೇಲಿನಿಂದ ನನಗೆ ಹೇಳಿದ್ದು ಒಂದೇ: "ಮಾಷ್ಟ್ರೆ, ಇವರ ಕರೆಂಟು ತಪ್ಪಿಸ್ಬೇಡಿ."

ಮರುದಿನ ಗೇಟಿನಲ್ಲಿ ಅಂಗಾರಣ್ಣ ನಿಲ್ಲಲಿಲ್ಲ. ಕುರ್ಚಿಯಲ್ಲಿ ಕೂತು ತಾನೇ ತಲೆ ಒಡ್ಡಿದ. ಸ್ಪಂಜು ಕಟ್ಟಿದರು, ಮೆಷೀನು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅವನು ಬೆಚ್ಚಿಬಿದ್ದು ಲಾವಣ್ಯಾಳ ಕೈ ಹಿಡಿದುಕೊಂಡ.

"ಮಗಳೇ, ಜುಮ್ಮನ್ನುದು ನಿಂತಿತು. ನಿಲ್ಲಿಸ್ಬೇಡ. ನಂಗೆ ನಿಜದ್ದು ಕೊಡು."

"ಅಂಕಲ್, ಕಸಮ್ ಸೇ, ಯಾವುದು ಅಂತ ನಂಗೂ ಗೊತ್ತಿಲ್ಲ."

ಅವನು ನನ್ನ ಕಡೆ ತಿರುಗಿದ. ಒದ್ದೆ ಕೈಗಳ ಬಗ್ಗೆ ಮಾತಾಡುವಾಗಲೂ, ಸೋಮನಾಥನ ಸಾವನ್ನು ಹೇಳುವಾಗಲೂ ಅಷ್ಟು ಭಯವನ್ನು ನಾನು ಆ ಕಣ್ಣುಗಳಲ್ಲಿ ಕಂಡಿರಲಿಲ್ಲ.

"ಮಾಷ್ಟ್ರೆ, ನಾನು ಕೇಳಿದ್ದನ್ನ ದೇವರು ಕೊಟ್ಟೇ ಬಿಟ್ಟನಾ?"